ಮಂಚದ ಹಿಂದಿನ ಗೋಡೆ

ನಾನು ಖಾಲಿ ಮನೆಗಳಿಗೆ ಸೋಫಾ ಹಾಕುವವಳು. ನಿಜವಾದ ಸೋಫಾ ಅಲ್ಲ, ಕಂಪ್ಯೂಟರಿನಲ್ಲಿ. ಮಾರಾಟಕ್ಕೋ ಬಾಡಿಗೆಗೋ ಇರುವ ಮನೆಯ ಫೋಟೋ ಆಫೀಸಿನಿಂದ ಬರುತ್ತದೆ. ಬೋಳು ಗೋಡೆ, ಬೋಳು ನೆಲ. ನಾನು ಕೂತಲ್ಲೇ ಅದಕ್ಕೊಂದು ಬೂದು ಸೋಫಾ, ನೆಲಕ್ಕೊಂದು ಜಮಖಾನ, ಮೂಲೆಗೊಂದು ಹಳದಿ ದೀಪ ಇಟ್ಟು ವಾಪಸ್ ಕಳಿಸುತ್ತೇನೆ. ಜಾಹೀರಾತಿನಲ್ಲಿ ನೋಡಿದವರು ‘ಅಬ್ಬ, ಎಂಥ ಮನೆ’ ಅನ್ನಬೇಕು, ಅಷ್ಟೇ. ಕೆಲವು ಸಲ ಮನೆಯಲ್ಲಿ ಇನ್ನೂ ಯಾರೋ ವಾಸವಾಗಿರುತ್ತಾರೆ. ಆಗ ಮೊದಲು ಅವರ ಸಾಮಾನು ಅಳಿಸಿ, ಆಮೇಲೆ ನಮ್ಮದು ಹಾಕಬೇಕು. ಒಣಹಾಕಿದ ಬಟ್ಟೆ, ಔಷಧಿ ಬಾಟಲಿ, ಚಪ್ಪಲಿ ರಾಶಿ ಎಲ್ಲ ಹೋಗಬೇಕು. ಅಪರೂಪಕ್ಕೆ ಮನುಷ್ಯರೂ ಇರುತ್ತಾರೆ. ಒಂದು ಸಲ, ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಮಂಚದ ಮೇಲೆ ಕೂತಿದ್ದ ಮಗುವನ್ನು ಅಳಿಸಿದ್ದೆ.

ಆಫೀಸಿನ ಕಟ್ಟುನಿಟ್ಟಿನ ನಿಯಮ ಒಂದಿದೆ. ಸಾಮಾನು ಹಾಕಬಹುದು, ಸಾಮಾನು ತೆಗೆಯಬಹುದು. ಗೋಡೆಯ ಬಿರುಕು, ತೇವ, ಕಿಟಕಿಯಾಚೆಯ ಕಂಬ, ಇವನ್ನು ಮುಟ್ಟುವಂತಿಲ್ಲ. ಹಿಂದೆ ಯಾರೋ ಬಿರುಕು ಮುಚ್ಚಿ ಕಳಿಸಿ, ಮನೆ ಕೊಂಡವರು ಆಫೀಸಿಗೇ ಬಂದು ರಂಪ ಮಾಡಿದ್ದರಂತೆ.

ನನ್ನ ಮೇಜು ಹಾಲಿನಲ್ಲಿ, ಅತ್ತೆಯ ಮಂಚದ ಪಕ್ಕ. ಇರುವುದೇ ಒಂದು ಹಾಲು, ಒಂದು ಕೋಣೆ, ಒಂದು ಅಡುಗೆಮನೆ. ಅತ್ತೆ ಮೂವತ್ತು ವರ್ಷ ಒಂದು ದೊಡ್ಡ ಹೋಟೆಲಿನಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದವರು. ಈಗ ಮಂಡಿ ಕೈಕೊಟ್ಟಿದೆ, ಬಾಯಿ ಕೊಟ್ಟಿಲ್ಲ. ನಾನು ಮಾಡಿದ ಪ್ರತಿ ಮನೆಗೂ ಅವರದೊಂದು ತಕರಾರು.

“ಈ ಹಾಸಿಗೆ ಮೇಲೆ ಆರು ದಿಂಬು ಯಾಕೆ? ಮಲಗೋರಿಗೆ ತಲೆ ಎಷ್ಟು?”

“ಚೆಂದಕ್ಕೆ ಅತ್ತೆ.”

“ಒಗೆಯೋಳ ಕಷ್ಟ ಗೊತ್ತಿಲ್ಲದೋರ ಚೆಂದ. ಅದಿರ್ಲಿ, ಇವರು ಒದ್ದೆ ಬಟ್ಟೆ ಎಲ್ಲಿ ಒಣಗಿಸ್ತಾರೆ?”

“ಇಲ್ಲಿ ಯಾರೂ ಇರಲ್ಲ ಅತ್ತೆ, ಇದು ಫೋಟೋ.”

“ಅದಕ್ಕೇ ಇಷ್ಟು ಸ್ವಚ್ಛ,” ಎಂದು ಹೇಳಿ ಕೆಮ್ಮುತ್ತಿದ್ದರು.

ಆ ಕೆಮ್ಮಿಗೆ ಆರು ವರ್ಷ. ಅವರ ಮಂಚದ ಮೇಲ್ಗಡೆ ಗೋಡೆಯಲ್ಲಿ ತೇವ ಕಾಣಿಸಿಕೊಂಡದ್ದೂ ಆಗಲೇ. ಮೊದಲು ಅಂಗೈಯಷ್ಟಿತ್ತು, ಈಗ ಛತ್ರಿ ಬಿಚ್ಚಿದಷ್ಟಿದೆ. ಮನೆ ಓನರಿಗೆ ಹೇಳಿದಾಗಲೆಲ್ಲ ಅವರು ತಲೆಯೆತ್ತಿ ಒಂದು ಕ್ಷಣ ನೋಡಿ, “ನೋಡೋಣ” ಅನ್ನುತ್ತಿದ್ದರು. ನಲ್ಲಿ ಸೋರಿದರೂ ನೋಡೋಣ, ಬಾಗಿಲು ಊದಿಕೊಂಡರೂ ನೋಡೋಣ. ನನ್ನ ಮಗಳು ಅವರಿಗೆ ನೋಡೋಣಪ್ಪ ಎಂದೇ ಹೆಸರಿಟ್ಟಿದ್ದಳು. ಒಂಬತ್ತನೇ ಕ್ಲಾಸು ಅವಳು, ಮಾತು ಮಾತಿಗೂ ವಾದ. ನಾವು ಅವಳಿಗೆ ಇಟ್ಟ ಹೆಸರು ವಕೀಲಮ್ಮ.

ಒಂದು ಮಂಗಳವಾರ ನೋಡೋಣಪ್ಪ ಕ್ಯಾಮೆರಾದವನೊಬ್ಬನನ್ನು ಕರೆದುಕೊಂಡು ಬಂದರು. ವಿಮೆಗೆ ಫೋಟೋ ಬೇಕಂತೆ. ನಾನು ತರಾತುರಿಯಲ್ಲಿ ಪಾತ್ರೆ ಬದಿಗೆ ಸರಿಸಿದೆ. ಅತ್ತೆ ಮಂಚದಿಂದ ಏಳಲಿಲ್ಲ.

“ನೀವು ಸ್ವಲ್ಪ ಆಚೆ ಕೂರ್ತೀರಾ ಅಮ್ಮ?” ಕ್ಯಾಮೆರಾದವನು ಕೇಳಿದ.

“ಮಂಡಿ ಬರಲ್ಲಪ್ಪ. ಹಾಗೇ ತೆಗಿ. ಈ ಗೋಡೆದೂ ಸರಿಯಾಗಿ ತೆಗಿ, ವಿಮೆಯೋರು ನೋಡ್ಲಿ. ಏನು ಸಾರ್?”

“ನೋಡೋಣ,” ಎಂದರು ಓನರು. ಅಡುಗೆಮನೆಯಲ್ಲಿ ವಕೀಲಮ್ಮ ನಗು ತಡೆಯಲಾರದೆ ನೀರು ಕುಡಿದಳು.

ನಾಲ್ಕು ದಿನ ಕಳೆದು, ಆಫೀಸಿನಿಂದ ಬಂದ ಕೆಲಸ ತೆರೆದೆ. ಹನ್ನೊಂದು ಫೋಟೋ. ಮೊದಲನೆಯದನ್ನು ನೋಡಿ ‘ಪರವಾಗಿಲ್ಲ, ಒಳ್ಳೇ ದೊಡ್ಡ ಹಾಲು, ಯಾರ ಮನೆಯಪ್ಪ ಇದು’ ಅಂದುಕೊಂಡೆ. ಮನೆ ಫೋಟೋಗೆ ಬಳಸುವ ಆ ಅಗಲದ ಲೆನ್ಸಿನಲ್ಲಿ ತೆಗೆದರೆ ಗೂಡೂ ಮೈದಾನವಾಗುತ್ತದೆ. ಆಮೇಲೆ ಹಗ್ಗದ ಮೇಲೆ ನನ್ನ ಹಸಿರು ರವಿಕೆ ಕಂಡಿತು. ಮಂಚದ ಮೇಲೆ ಅತ್ತೆ, ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತ ಕೂತಿದ್ದರು. ಕೆಳಗೆ ಓನರು ಕೇಳಿದ್ದನ್ನು ಹಾಗೇ ಬರೆದಿತ್ತು: ‘ಮಾರಾಟಕ್ಕೆ. ಸಾಮಾನೆಲ್ಲ ತೆಗೆದು ಹೊಸ ಸಾಮಾನು ಹಾಕಿ. ವ್ಯಕ್ತಿಯನ್ನು ತೆಗೆಯಿರಿ. ಗೋಡೆಯ ತೇವ ತೆಗೆಯಿರಿ.’

ಊಟಕ್ಕೆ ಕೂತಾಗ ಹೇಳಿದೆ. ಅನ್ನ, ಬೇಳೆ, ಒಂದೊಂದು ಬೇಯಿಸಿದ ಮೊಟ್ಟೆ. ನನ್ನ ಗಂಡ ಲಿಫ್ಟ್ ರಿಪೇರಿಯವರು, ದಿನವಿಡೀ ನಾಲ್ಕು ಗೋಡೆಯ ನಡುವೆ ನೇತಾಡಿ ಬಂದಿರುತ್ತಾರೆ, ಮನೆಯಲ್ಲಿ ಮಾತು ಕಡಿಮೆ. ಅವತ್ತು ತಟ್ಟೆ ದೂಡಿದರು.

“ವಿಮೆಯಂತೆ ವಿಮೆ! ಕಣ್ಣಿಗೆ ಮಣ್ಣೆರಚಿದ್ನಲ್ಲ! ನೀನೊಂದು ಕೆಲಸ ಮಾಡು, ಕೆಡಿಸಿ ಕಳಿಸು. ನೇರಳೆ ಬಣ್ಣದ ಸೋಫಾ ಹಾಕು. ನೋಡಿದೋರು ಓಡಿಹೋಗ್ಬೇಕು.”

“ಹಾಗೆಲ್ಲ ಮಾಡಿದ್ರೆ ಆಫೀಸಲ್ಲಿ ನನ್ನ ಓಡಿಸ್ತಾರೆ.”

“ಅಗ್ರಿಮೆಂಟ್ ಪ್ರಕಾರ ಮೂರು ತಿಂಗಳು ಮುಂಚೆ ನೋಟಿಸ್ ಕೊಡ್ಬೇಕು,” ಎಂದಳು ವಕೀಲಮ್ಮ. “ಕೊಟ್ಟಿದಾರಾ? ಇಲ್ಲ. ಅಂದ್ಮೇಲೆ ಫೋಟೋನೇ ತಪ್ಪು.”

“ನೀನು ಮೊದಲು ಮೊಟ್ಟೆ ತಿನ್ನು.”

“ಇದಕ್ಕೆಲ್ಲ ಉತ್ತರ ಇಲ್ದಿದ್ರೆ ಮೊಟ್ಟೆ ತಿನ್ನು ಅಂತೀರಿ.”

ಅತ್ತೆ ಅನ್ನ ಕಲಸುತ್ತಲೇ ಇದ್ದರು. “ನನ್ನನ್ನೂ ತೆಗೀಬೇಕಾ?”

“ಹೂಂ ಅತ್ತೆ.”

“ಎಷ್ಟೊತ್ತು ಹಿಡಿಯತ್ತೆ?”

“ಇಪ್ಪತ್ತು ನಿಮಿಷ.”

“ಇಷ್ಟು ದೊಡ್ಡ ಹೆಂಗಸಿಗೆ ಇಪ್ಪತ್ತೇ ನಿಮಿಷನಾ?” ಅವರು ನಕ್ಕರು. ನಮಗೆ ನಗು ಬರಲಿಲ್ಲ. “ನೀನು ಬಿಟ್ರೆ?”

“ಇನ್ಯಾರೋ ಮಾಡ್ತಾರೆ. ಅವರು ತೇವಾನೂ ಅಳಿಸಿಬಿಟ್ರೆ ಹೇಳೋಕಾಗಲ್ಲ.”

“ಹಾಗಾದ್ರೆ ನೀನೇ ಮಾಡು. ಚೆನ್ನಾಗೇ ಮಾಡು, ಅನ್ನ ಕೊಡೋ ಕೆಲಸ. ತೇವ ಮಾತ್ರ ಹಾಗೇ ಬಿಡು.”

“ಸರಿಯಾಗಿ ಹೇಳಿದೆ ಅಮ್ಮ,” ಎಂದರು ಇವರು. “ಆ ತೇವ ಇರೋವರೆಗೂ ಯಾರೂ ಕೊಳ್ಳಲ್ಲ. ಅದೇ ನಮ್ಮನ್ನ ಕಾಪಾಡೋದು.”

ಮರುದಿನ ಬೆಳಿಗ್ಗೆ ಅತ್ತೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಚಪ್ಪಲಿ ಗೂಡು ಅಳಿಸಿದೆ. ಇವರ ಸ್ಪ್ಯಾನರ್ ಚೀಲ, ವಕೀಲಮ್ಮನ ಪುಸ್ತಕ, ಹಗ್ಗ, ಹಸಿರು ರವಿಕೆ. “ಅದೊಂದು ಬಿಡೇ, ಚೆನ್ನಾಗಿದೆ,” ಎಂದರು ಅತ್ತೆ ರವಿಕೆ ನೋಡಿ. ಅವರ ಸರದಿ ಬಂದಾಗ ನಾನು ಟೀ ಮಾಡುತ್ತೇನೆ ಎಂದು ಎದ್ದೆ. ಅವರು ನನ್ನ ಕೈ ಹಿಡಿದು ಕೂರಿಸಿದರು. “ಮಾಡು. ನಾನಿಲ್ಲೇ ಇದೀನಲ್ಲ.” ಕಾಲಿನಿಂದ ಶುರುಮಾಡಿದೆ. ಮುಖಕ್ಕೆ ಬರುವಾಗ ನನ್ನ ಕಣ್ಣು ಮಂಜಾಯಿತು. ಅತ್ತೆ ಬೇಕೆಂದೇ ಕಿಟಕಿಯ ಕಡೆ ತಿರುಗಿದರು.

ಆಮೇಲೆ ಮಂಚ. ಮಂಚ ಅಳಿಸಿದ ಮೇಲೆ ಅದರ ಹಿಂದಿನ ಗೋಡೆಯನ್ನು ನಾನೇ ತುಂಬಬೇಕು. ಯಾವಾಗಲೂ ಅದು ಅಂದಾಜಿನ ಮೇಲೆ. ಪಕ್ಕದ ಬಿಳಿ ಬಣ್ಣ ತೆಗೆದು ಎಳೆದುಬಿಡುತ್ತೇನೆ, ಒಳಗೇನಿದೆಯೋ ಯಾರಿಗೆ ಗೊತ್ತು. ಆದರೆ ಈ ಗೋಡೆ ನನ್ನಿಂದ ಎರಡು ಹೆಜ್ಜೆ ದೂರದಲ್ಲಿತ್ತು. ಸುಮ್ಮನೆ ಅಂದಾಜು ಯಾಕೆ, ನೋಡಿಯೇ ಬಿಡೋಣ ಅನ್ನಿಸಿತು.

ಆ ಮಂಚ ನಾವು ಬಂದಾಗಿನಿಂದ ಜರುಗಿರಲಿಲ್ಲ. ಕಬ್ಬಿಣದ ಮಂಚ, ಕೆಳಗೆ ನಾಲ್ಕು ಪೆಟ್ಟಿಗೆ. ಗೋಡೆಯ ತಂಪು ಬೆನ್ನಿಗೆ ತಾಗದಿರಲಿ ಎಂದು ಅತ್ತೆ ಹೋಟೆಲಿನ ಹಳೇ ದುಪ್ಪಟಿಯೊಂದನ್ನು ಮಂಚದುದ್ದಕ್ಕೂ ಗೋಡೆಗೆ ಕಟ್ಟಿದ್ದರು. ಪೆಟ್ಟಿಗೆ ಎಳೆದೆ, ಮಂಚ ಎಳೆದೆ, ದುಪ್ಪಟಿ ಎತ್ತಿದೆ. ವಾಸನೆ ಮೂಗಿಗೆ ಬಡಿಯಿತು. ಮೇಲಿನ ಆ ಛತ್ರಿಯಷ್ಟು ಗುರುತು ಏನೂ ಅಲ್ಲ. ಅದರಿಂದ ಕೆಳಗೆ, ನೆಲದವರೆಗೂ ಗೋಡೆ ಕಪ್ಪಗೆ ಬೂಷ್ಟು ಹಿಡಿದಿತ್ತು. ಬೆರಳಿಟ್ಟರೆ ಗಾರೆ ನೆನೆದ ಬ್ರೆಡ್ಡಿನ ಹಾಗೆ ಕಳಚಿಕೊಂಡು ಬಂತು. ದುಪ್ಪಟಿಯ ಒಳಮೈ ತುಂಬ ಕಪ್ಪು ಚುಕ್ಕೆ. ಅತ್ತೆಯ ತಲೆದಿಂಬು ಇರುತ್ತಿದ್ದದ್ದು ಸರಿಯಾಗಿ ಅಲ್ಲೇ.

“ಅಯ್ಯೋ ಅತ್ತೆ.”

“ಏನಾಯ್ತೇ?” ಅವರು ಕಷ್ಟಪಟ್ಟು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. “ಇದರ ಪಕ್ಕದಲ್ಲಾ ನಾನು ಮಲಗ್ತಿದ್ದದ್ದು?”

ನನಗೆ ನನ್ನ ಮೇಲೇ ಅಸಹ್ಯವಾಯಿತು. ಲೋಕದವರ ಮನೆಗೆಲ್ಲ ದೀಪ ಇಡುತ್ತೇನೆ, ಕೈಗೆ ಸಿಗುವಷ್ಟು ದೂರದಲ್ಲಿರುವ ಮಂಚದ ಹಿಂದೆ ಇಣುಕಿರಲಿಲ್ಲ.

ಇದ್ದದ್ದನ್ನು ಇದ್ದ ಹಾಗೇ ಫೋಟೋದಲ್ಲಿ ತುಂಬಿದೆ, ನೆಲದವರೆಗೂ. ಬೂದು ಸೋಫಾವನ್ನು ಎದುರಿನ ಗೋಡೆಗೆ ಹಾಕಿದೆ. ದೀಪ, ಜಮಖಾನ, ಎಲ್ಲ ಅಚ್ಚುಕಟ್ಟು. ಕಳಿಸಿದ ಒಂದು ಗಂಟೆಗೆ ಆಫೀಸಿನ ಮೇಡಂ ಫೋನು.

“ಏನ್ರೀ ಇದು? ಓನರ್ ತೇವ ತೆಗೀರಿ ಅಂದ್ರೆ ನೀವು ಮೂರು ಪಟ್ಟು ಮಾಡಿ ಕಳಿಸಿದೀರಿ! ಮೂಲ ಫೋಟೋದಲ್ಲಿ ಇಷ್ಟಿಲ್ಲ.”

“ಮಂಚದ ಹಿಂದೆ ಅಷ್ಟೇ ಇದೆ ಮೇಡಂ.”

“ಮಂಚದ ಹಿಂದೆ ಏನಿದೆ ಅಂತ ನಿಮಗೆ ಹೇಗೆ ಗೊತ್ತು?”

“ಮಂಚ ನಮ್ಮದೇ ಮೇಡಂ.”

“ಮೊದಲೇ ಹೇಳಬಾರದಾ ನೀವು? ನಿಮ್ಮ ಮನೆ ಕೆಲಸ ನೀವೇ ತಗೊಳ್ಳೋ ಹಾಗಿಲ್ಲ,” ಎಂದು ಬೈದರು. ಬೈದು ಮುಗಿಸಿ, “ತೇವ ಅಳಿಸೋಕೆ ನಮ್ಮ ನಿಯಮ ಒಪ್ಪಲ್ಲ ಅಂತ ಓನರ್‌ಗೆ ಬರೀತೀನಿ. ರಿಪೇರಿ ಮಾಡ್ಸಿ ಬೇರೆ ಫೋಟೋ ಕಳಿಸ್ಲಿ,” ಎಂದರು. ದನಿ ತಗ್ಗಿಸಿ, “ನಿಮ್ಮ ಅತ್ತೆಗೆ ಡಾಕ್ಟರ್ ಹತ್ರ ತೋರಿಸಿ,” ಎಂದರು.

ನೋಡೋಣಪ್ಪ ಮರುದಿನ ನಾವು ಊಟಕ್ಕೆ ಕೂತಿರುವಾಗಲೇ ಬಂದರು. ಮುಖ ಕೆಂಪಾಗಿತ್ತು. ನಾನು ಆ ಕೆಲಸ ಮಾಡುವವಳೆಂದು ಅವರಿಗೆ ಹೇಗೋ ತಿಳಿದಿತ್ತು.

“ಏನಮ್ಮಾ, ಇಷ್ಟು ವರ್ಷ ಮನೆ ಕೊಟ್ಟಿದ್ದಕ್ಕೆ ಮರ್ಯಾದೆ ತೆಗೆದ್ರಲ್ಲ! ಇಲ್ಲದ್ದನ್ನೆಲ್ಲ ಸೇರಿಸಿ ಕಳಿಸಿದೀರಿ.”

ನನ್ನ ಗಂಡ ಎದ್ದು ನಿಂತರು. ಅತ್ತೆ ಕೈ ಅಡ್ಡ ಹಿಡಿದರು. “ನೀನು ಕೂತ್ಕೋ. ಸಾರ್, ಬನ್ನಿ. ಚಪ್ಪಲಿ ಇರ್ಲಿ ಪರವಾಗಿಲ್ಲ, ಬನ್ನಿ. ಈ ದುಪ್ಪಟಿ ಎತ್ತಿ.”

ಓನರು ಎತ್ತಿದರು. ಎತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

“ಆರು ವರ್ಷದಿಂದ ಹೇಳ್ತಾ ಬಂದೆ. ಇವತ್ತು ನೀವೇ ಕಣ್ಣಾರೆ ಕಂಡ್ರಿ.”

ಓನರ ಬಾಯಿಗೆ ಆ ಮಾತು ಬಂದೇಬಿಟ್ಟಿತ್ತು. ನಾಲ್ಕು ಜನ ಅವರ ಬಾಯನ್ನೇ ನೋಡುತ್ತಿದ್ದೆವು. “ನೋ...” ಎಂದವರು ನುಂಗಿಕೊಂಡು, “ಸೋಮವಾರ ಮೇಸ್ತ್ರಿ ಬರ್ತಾನೆ,” ಎಂದು ಹೊರಟುಹೋದರು.

ಅವರು ಮೆಟ್ಟಿಲಿಳಿಯುವ ಮೊದಲೇ ಮನೆಯೊಳಗೆ ಜಗಳ ಶುರು.

“ಸೋಮವಾರ ಬೀಗ ಹಾಕಿ ಎಲ್ಲರೂ ಹೊರಗೆ ಹೋಗೋಣ,” ಎಂದರು ನನ್ನ ಗಂಡ. “ಮೇಸ್ತ್ರಿನ ಒಳಗೇ ಬಿಡೋದು ಬೇಡ. ಗೋಡೆ ಸರಿಹೋದ ಮಾರನೇ ದಿನ ಮನೆ ಮಾರಾಟ ಆಗತ್ತೆ. ಬೀದಿಗೆ ಬರೋರು ನಾವು!”

“ಅಮ್ಮ ಕೆಮ್ಮೋದು ಕೇಳ್ಸಲ್ವಾ ನಿಮಗೆ?” ಎಂದೆ.

“ಅಮ್ಮನ ಮಂಚ ಕೋಣೆಗೆ ಹಾಕೋಣ. ನಾವು ಹಾಲಲ್ಲಿ ಮಲಗೋಣ.”

“ಆಗ ನಾವು ಕೆಮ್ತೀವಿ,” ಎಂದಳು ವಕೀಲಮ್ಮ.

“ನೀನು ಬಾಯಿ ಮುಚ್ಚು! ಈ ಏರಿಯಾದಲ್ಲಿ ಈ ಬಾಡಿಗೆಗೆ ಇನ್ನೊಂದು ಮನೆ ತೋರಿಸಿ ನನಗೆ, ಆಮೇಲೆ ಮಾತಾಡಿ.”

ಅತ್ತೆ ನಿಧಾನವಾಗಿ ಹೇಳಿದರು: “ಮಗನೇ, ನಿನ್ನ ಭಯ ನನಗೆ ಗೊತ್ತು. ಆದ್ರೆ ಆ ಗೋಡೆ ನನ್ನ ಎದೆ ಒಳಗೆ ಹೋಗ್ತಾ ಇದೆ ಕಣೋ. ಅದನ್ನ ಕಾವಲಿಗೆ ಇಟ್ಕೊಂಡು ಈ ಮನೇಲಿ ಇರೋದು ನನಗೆ ಬೇಡ.”

ಇವರು ಮಂಚದ ಹತ್ತಿರ ಹೋಗಿ ದುಪ್ಪಟಿ ಎತ್ತಿ ನೋಡಿದರು. ಅಲ್ಲಿಯವರೆಗೂ ನೋಡಿರಲಿಲ್ಲ. ಆಮೇಲೆ ಆ ವಿಷಯ ಎತ್ತಲಿಲ್ಲ. ಆದರೆ ಊಟ ಪೂರ್ತಿ ಮಾಡಲೂ ಇಲ್ಲ.

ಮೇಸ್ತ್ರಿ ಬಂದ, ಪ್ಲಂಬರ್ ಬಂದ. ಮೇಲಿನ ಮನೆಯ ಬಚ್ಚಲಿನ ಪೈಪು ಒಡೆದಿತ್ತು. ಗೋಡೆ ಒಡೆದು ಬಿಟ್ಟುಹೋದರು, ಮೂರು ದಿನ ತಲೆಹಾಕಲಿಲ್ಲ. ಎರಡು ವಾರ ಅನ್ನದಲ್ಲಿ ಸಿಮೆಂಟು, ಟೀಯಲ್ಲಿ ಸಿಮೆಂಟು, ವಕೀಲಮ್ಮನ ಜಡೆಯಲ್ಲೂ ಸಿಮೆಂಟು. ನಾನು ಕಂಪ್ಯೂಟರನ್ನು ಕೋಣೆಯ ಹಾಸಿಗೆಯ ಮೇಲಿಟ್ಟುಕೊಂಡು ಯಾರದೋ ಮನೆಗೆ ಹಣ್ಣಿನ ಬಟ್ಟಲು ಇಡುತ್ತಿದ್ದೆ. ಬೇಡ ಬೇಡ ಅಂದ ನನ್ನ ಗಂಡನೇ ರಜೆ ಹಾಕಿ ಮೇಸ್ತ್ರಿಯ ಬೆನ್ನ ಹಿಂದೆ ನಿಂತರು. “ಒಣಗದೆ ಬಣ್ಣ ಹೊಡೀಬೇಡಪ್ಪ. ಇನ್ನೂ ಎರಡು ದಿನ ಬಿಡು. ಇದರ ಪಕ್ಕ ನಮ್ಮಮ್ಮ ಮಲಗೋದು.”

ಬಣ್ಣ ಒಣಗಿದ ಮೇಲೆ ಮಂಚ ಸ್ವಸ್ಥಾನಕ್ಕೆ ಬಂತು. ವಾರದೊಳಗೆ ಅತ್ತೆಯ ಕೆಮ್ಮು ಅರ್ಧಕ್ಕರ್ಧ ಇಳಿಯಿತು. ಬೆಳಿಗ್ಗೆ ಎದ್ದವರೇ ಗೋಡೆಗೆ ಅಂಗೈ ಒತ್ತಿ ನೋಡುವುದು ಅವರಿಗೊಂದು ಅಭ್ಯಾಸವಾಯಿತು.

ಹತ್ತನೇ ದಿನ ಗಂಡ ಹೆಂಡತಿ ಇಬ್ಬರು ಮನೆ ನೋಡಲು ಬಂದರು. ಹೊಸ ಫೋಟೋಗಳಿಗೆ ಆಫೀಸಿನ ಬೇರೆ ಯಾರೋ ಸೋಫಾ ಹಾಕಿದ್ದರು. ಆ ಹೆಂಗಸು ಫೋನನ್ನೂ ಹಾಲನ್ನೂ ಮತ್ತೆ ಮತ್ತೆ ನೋಡಿ, “ಫೋಟೋದಲ್ಲಿ ದೊಡ್ಡದಾಗಿತ್ತು,” ಎಂದಳು. ನಾನು ನೆಲ ನೋಡಿದೆ. ಅವಳು ಅತ್ತೆಯ ಮಂಚದ ಮೇಲ್ಗಡೆ ಗೋಡೆ ಮುಟ್ಟಿದಳು.

“ಇಲ್ಲಿ ಮೊದಲು ತೇವ ಇತ್ತಾ?”

ನನ್ನ ಗಂಡ ಅತ್ತೆಗೆ ಕಣ್ಸನ್ನೆ ಮಾಡಿದರು. ಅತ್ತೆ ಅತ್ತ ನೋಡಲೇ ಇಲ್ಲ.

“ಇತ್ತಮ್ಮ, ಬೇಕಾದಷ್ಟಿತ್ತು. ಈಗ ಪೈಪೇ ಬದಲಾಯಿಸಿದಾರೆ. ನನ್ನ ಮಗ ಮುಂದೆ ನಿಂತು ಮಾಡ್ಸಿದ್ದು. ಧೈರ್ಯವಾಗಿ ಮಲ್ಕೋಬಹುದು.”

ಅವರು ಹೋದ ಮೇಲೆ ಇವರು ತಲೆ ಚಚ್ಚಿಕೊಂಡರು. “ಅಮ್ಮ, ಬ್ರೋಕರ್‌ಗಿಂತ ಚೆನ್ನಾಗಿ ಮಾರಿಬಿಟ್ಟೆಯಲ್ಲ!”

“ಬಸುರಿ ಕಣೋ ಅವಳು. ಸುಳ್ಳು ಹೇಳು ಅಂತೀಯಾ?”

ಆ ವಾರವೇ ನೋಟಿಸ್ ಬಂತು. ವಕೀಲಮ್ಮ ಓದಿ, ಮೂರು ತಿಂಗಳು ಸರಿಯಾಗಿ ಕೊಟ್ಟಿದ್ದಾರೆ, ವಾದಕ್ಕೆ ಏನೂ ಇಲ್ಲ ಎಂದು ಬೇಜಾರಿನಿಂದ ಹೇಳಿದಳು.

ಮನೆ ಹುಡುಕಲು ನಾನು, ಅತ್ತೆ. ನಮಗೆ ಬೇಕಾದದ್ದು ಒಂದೇ, ಅತ್ತೆಯ ಮಂಚಕ್ಕೊಂದು ಒಣ ಗೋಡೆ. ಮಂಡಿ ನೋವಿದ್ದರೂ ಅವರು ಬಿಡಲಿಲ್ಲ. “ನೀನು ಸೋಫಾ ನೋಡ್ತೀಯ, ನಾನು ಗೋಡೆ ನೋಡ್ತೀನಿ,” ಅನ್ನುತ್ತಿದ್ದರು. ಹೋದ ಮನೆಯಲ್ಲೆಲ್ಲ ಗೋಡೆಗೆ ಮೂಗು ಹಚ್ಚಿ ಮೂಸುವರು. ಬ್ರೋಕರುಗಳು ನನ್ನ ಮುಖ ನೋಡುತ್ತಿದ್ದರು. ಏಳು ಮನೆ ಹೀಗೇ ಹೋಯಿತು. ಎಂಟನೆಯದನ್ನು ನನ್ನ ಗಂಡ ಫೋನಿನಲ್ಲಿ ತೋರಿಸಿದಾಗ ನಾನು ಕುಣಿದಾಡಿದೆ.

“ಅತ್ತೆ, ನೋಡಿ ಇಲ್ಲಿ! ಇದು ನನ್ನ ಸೋಫಾ, ನನ್ನ ದೀಪ. ಹೋದ ವರ್ಷ ನಾನೇ ಮಾಡಿದ ಮನೆ. ಬಾಡಿಗೆಯೂ ನಮಗೆ ಎಟಕುತ್ತೆ.”

“ಹಾಗಾದ್ರೆ ನಮ್ಮದೇ ಮನೆ ಅನ್ನು,” ಎಂದರು ಅತ್ತೆ, ಖುಷಿಯಾಗಿ.

ಎರಡನೇ ಮಹಡಿ. ಬೆಳಕು ಚೆನ್ನಾಗಿತ್ತು, ಅಡುಗೆಮನೆ ನಮ್ಮದಕ್ಕಿಂತ ದೊಡ್ಡದು. ಮಂಚ ಇಲ್ಲಿ ಹಾಕೋಣ, ನಿನ್ನ ಮೇಜು ಅಲ್ಲಿ ಎಂದು ಅತ್ತೆ ಆಗಲೇ ಲೆಕ್ಕ ಹಾಕುತ್ತಿದ್ದರು. ಬ್ರೋಕರ್ ಒಳಕೋಣೆಯ ಬಾಗಿಲು ತೆಗೆದ. ಕಿಟಕಿ ಪಕ್ಕದ ಗೋಡೆಯಲ್ಲಿ, ನೆಲದಿಂದ ಸೊಂಟದೆತ್ತರಕ್ಕೆ, ಸರಿಯಾಗಿ ಒಂದು ಸಣ್ಣ ಮಂಚದ ಉದ್ದಕ್ಕೆ ಕಪ್ಪು ಬೂಷ್ಟು.

“ಅರೆ,” ಎಂದ ಬ್ರೋಕರ್. ಅವನಿಗೂ ನಿಜವಾಗಿ ಆಶ್ಚರ್ಯವಾದಂತಿತ್ತು. “ಫೋಟೋದಲ್ಲಿ ಇರ್ಲಿಲ್ಲವಲ್ಲ ಇದು. ಬೆಳ್ಳಗಿತ್ತಲ್ಲ ಗೋಡೆ!”

ಅತ್ತೆ ಗೋಡೆಗೆ ಅಂಗೈ ಇಟ್ಟರು. ನನ್ನ ಕಡೆ ತಿರುಗಿ ನೋಡಿದರು.

“ಬೇರೆ ಮನೆ ತೋರಿಸಪ್ಪ,” ಎಂದು ಬ್ರೋಕರಿಗೆ ಹೇಳಿ, ನನ್ನ ತೋಳು ಹಿಡಿದು ಹೊರಟರು. ಒಂದೊಂದೇ ಮೆಟ್ಟಿಲು. ಮೊದಲನೇ ಮಹಡಿಯಲ್ಲಿ ಉಸಿರಿಗೆ ನಿಂತಾಗ ಕೇಳಿದರು.

“ಅಲ್ಲಿ ಏನಿತ್ತು? ಬೀರುನಾ?”

“ಮಂಚ ಅತ್ತೆ. ಹಿಂದೆ ಏನಿದೆ ಅಂತ ನನಗೆ ಗೊತ್ತಿರ್ಲಿಲ್ಲ. ಬಿಳಿ ಇರಬಹುದು ಅಂತ ಎಳೆದೆ.”

“ಯಾರಾದ್ರೂ ಇದ್ರಾ ಅದರ ಮೇಲೆ?”

“ಒಂದು ಮಗು ಇತ್ತು. ಒಂದೇ ಕಾಲಿಗೆ ಕಾಲುಚೀಲ ಹಾಕ್ಕೊಂಡು ಕೂತಿತ್ತು.”

ಅತ್ತೆ ನನ್ನ ತೋಳು ಬಿಡಲಿಲ್ಲ. ಕೊನೆಯ ಮೆಟ್ಟಿಲು ಇಳಿದು, ಸೆರಗಿನಿಂದ ಮುಖ ಒರೆಸಿಕೊಂಡು, ರಸ್ತೆಯ ಕಡೆ ನೋಡುತ್ತ ಹೇಳಿದರು:

“ಕೆಮ್ತಿತ್ತೋ ಏನೋ ಪಾಪ. ಫೋಟೋದಲ್ಲಿ ಕೇಳ್ಸಲ್ಲ.”